ಭಯವು ಆತ್ಮವನ್ನು ತಿನ್ನುವ ಬಗೆ



ಜರ್ಮನಿಯ ನಿರ್ದೇಶಕ ರೈನರ್ ವೆರ್ನರ್ ಫಾಸ್‌ಬಿಂಡರ್ 1974ರಲ್ಲಿ ತೆರೆಗೆ ತಂದ ಚಲನಚಿತ್ರವೊಂದರ ಹೆಸರು ‘ಆಂಗ್ಸ್ಟ್ ಎಸ್ಸೆನ್ ಝೇಲೆ ಔಫ್’. ಭಯವು ಆತ್ಮವನ್ನು ತಿಂದುಹಾಕುತ್ತದೆ ಎಂಬುದು ಅದರ ಭಾವ. ಜರ್ಮನ್ ವ್ಯಾಕರಣದಂತೆ ಆ ವಾಕ್ಯ ಶುದ್ಧವಾದುದಲ್ಲ. ಕರ್ತೃವಿಗೂ ಕ್ರಿಯಾಪದಕ್ಕೂ ಹೊಂದಿಕೆಯಿಲ್ಲ. ವ್ಯಾಕರಣದ ಅಭ್ಯಾಸದಲ್ಲಿಯೇ ಬೆಳೆದ ನಮ್ಮಂಥವರ ಕಣ್ಣಿಗೆ ಮೊದಲು ಬೀಳುವುದು ಆ ದೋಷವೇ. ಆದರೆ ನಿರ್ದೇಶಕನು ಅದನ್ನು ತಿಳಿದೇ ಇಟ್ಟಿದ್ದಾನೆ. ಹೊಟ್ಟೆಪಾಡಿಗಾಗಿ ಪರದೇಶಕ್ಕೆ ಬಂದವನೊಬ್ಬನು ಅರೆಬರೆ ಕಲಿತ ಭಾಷೆಯಲ್ಲಿ ಆಡುವ ಮಾತು ಅದು.

ಎರಡನೆಯ ಮಹಾಯುದ್ಧದ ತರುವಾಯ ಪಶ್ಚಿಮ ಜರ್ಮನಿಯ ಕಾರ್ಖಾನೆಗಳಿಗೆ ಕೆಲಸಗಾರರು ಸಾಲದಾದರು. ಆ ಸರಕಾರವು 1955ರಲ್ಲಿ ಇಟಲಿಯೊಡನೆ, 1961ರಲ್ಲಿ ತುರ್ಕಿಯೊಡನೆ, 1963ರಲ್ಲಿ ಮೊರಾಕ್ಕೊದೊಡನೆ, 1968ರಲ್ಲಿ ಯುಗೊಸ್ಲಾವಿಯದೊಡನೆ ಒಪ್ಪಂದ ಮಾಡಿಕೊಂಡು ಅಲ್ಲಿನ ಜನರನ್ನು ದುಡಿಮೆಗೆ ಕರೆಸಿಕೊಂಡಿತು. ಅವರನ್ನು ‘ಅತಿಥಿ ಕಾರ್ಮಿಕರು’ ಎಂದು ಕರೆದರು. ಅತಿಥಿ ಎಂದರೆ ನಮ್ಮಲ್ಲಿ ಕಾಲಿಗೆ ನೀರು ಕೊಟ್ಟು ಬರಮಾಡಿಕೊಳ್ಳಬೇಕಾದವನು. ಅಲ್ಲಿ ಆ ಪದಕ್ಕೆ ಕೆಲಸ ಮುಗಿದೊಡನೆ ಹೊರಟುಹೋಗಬೇಕಾದವನೆಂಬ ಅರ್ಥವಷ್ಟೇ ಇತ್ತು. 1973ರ ವೇಳೆಗೆ ಇಂಥವರ ಸಂಖ್ಯೆ ಸುಮಾರು 26 ಲಕ್ಷ. ಆ ವರ್ಷದ ನವೆಂಬರಿನಲ್ಲಿ ಸರಕಾರವು ನೇಮಕಾತಿಯನ್ನು ನಿಲ್ಲಿಸಿತು. ಅದಕ್ಕೆ ಎರಡೇ ತಿಂಗಳ ಹಿಂದೆ ಮ್ಯೂನಿಕ್ ನಗರದಲ್ಲಿ, ಸುಮಾರು ಎರಡು ವಾರಗಳಷ್ಟು ಅಲ್ಪಾವಧಿಯಲ್ಲಿ, ಈ ಚಿತ್ರದ ಚಿತ್ರೀಕರಣ ನಡೆಯಿತು.

ಕಥೆ ಸರಳವಾದುದು. ಎಮ್ಮಿ ಅರವತ್ತರ ಆಸುಪಾಸಿನ ವಿಧವೆ. ಕಸಗುಡಿಸಿ ನೆಲ ಒರೆಸಿ ಜೀವಿಸುವವಳು. ಮಕ್ಕಳು ಬೇರೆ ಬೇರೆ ಮನೆ ಮಾಡಿಕೊಂಡಿದ್ದಾರೆ. ಒಂದು ಸಂಜೆ ಮಳೆಗೆ ಅಂಜಿ ಆಕೆ ಅರಬ್ ಕೆಲಸಗಾರರು ಸೇರುವ ಪಾನಗೃಹವೊಂದನ್ನು ಹೊಕ್ಕುತ್ತಾಳೆ. ಅಲ್ಲಿದ್ದ ಹೆಂಗಸೊಬ್ಬಳು ಗೇಲಿಗಾಗಿ, ಈ ಮುದುಕಿಯೊಡನೆ ಕುಣಿ ಎಂದು ಮೊರಾಕ್ಕೊದ ತರುಣನೊಬ್ಬನನ್ನು ಛೇಡಿಸುತ್ತಾಳೆ. ಆತ ಎದ್ದು ಬಂದು ಗೌರವದಿಂದಲೇ ಕರೆಯುತ್ತಾನೆ. ಎಲ್ಲರೂ ಅವನನ್ನು ಅಲಿ ಎನ್ನುತ್ತಾರೆ. ಅವನ ನಿಜವಾದ ಹೆಸರು ಬೇರೆ, ಉದ್ದವಾದುದು. ಅದನ್ನು ಉಚ್ಚರಿಸುವ ಶ್ರಮ ಯಾರಿಗೂ ಬೇಕಿಲ್ಲ. ಒಂಟಿತನದ ಭಾರ ಹೊತ್ತ ಈ ಇಬ್ಬರೂ ಕೆಲವೇ ದಿನಗಳಲ್ಲಿ ವಿವಾಹವಾಗುತ್ತಾರೆ.

ಅನಂತರ ನಡೆಯುವುದನ್ನು ಓದುಗರು ಊಹಿಸಬಲ್ಲರು. ತಾಯಿ ಸುದ್ದಿ ತಿಳಿಸಿದೊಡನೆ ಮಗನೊಬ್ಬನು ಎದ್ದು ಅವಳ ಟೆಲಿವಿಷನ್ ಪೆಟ್ಟಿಗೆಯನ್ನು ಒದ್ದು ಒಡೆಯುತ್ತಾನೆ. ಕಿರಾಣಿ ಅಂಗಡಿಯವನು ಅಲಿಗೆ ಸಾಮಾನು ಕೊಡಲು ನಿರಾಕರಿಸುತ್ತಾನೆ. ನೆರೆಯ ಹೆಂಗಸರು ಮೂಗು ಮುರಿಯುತ್ತಾರೆ. ಮಧ್ಯಾಹ್ನದ ಬಿಡುವಿನಲ್ಲಿ ಮೆಟ್ಟಿಲ ಮೇಲೆ ಒಟ್ಟಾಗಿ ಉಣ್ಣುತ್ತಿದ್ದ ಸಹೋದ್ಯೋಗಿಗಳು ಎಮ್ಮಿಯನ್ನು ಒಂಟಿಯಾಗಿ ಬಿಟ್ಟು ದೂರ ಸರಿಯುತ್ತಾರೆ.

ವಿಮರ್ಶಕರು ಚಿತ್ರವನ್ನು ಆದರದಿಂದ ಬರಮಾಡಿಕೊಂಡರು. 1974ರ ಕಾನ್ ಚಿತ್ರೋತ್ಸವದಲ್ಲಿ ಅಂತರರಾಷ್ಟ್ರೀಯ ವಿಮರ್ಶಕರ ಒಕ್ಕೂಟದ ಪ್ರಶಸ್ತಿಯೂ ಕ್ರೈಸ್ತ ಪಂಥಗಳ ಸಂಯುಕ್ತ ಮಂಡಳಿಯ ಪ್ರಶಸ್ತಿಯೂ ಅದಕ್ಕೆ ಸಂದವು. ಎಮ್ಮಿಯ ಪಾತ್ರಧಾರಿಣಿ ಬ್ರಿಗಿಟ್ಟೆ ಮೀರಾ ಜರ್ಮನ್ ಚಲನಚಿತ್ರ ಪ್ರಶಸ್ತಿಯನ್ನು ಪಡೆದರು. ಅಮೆರಿಕದ ವಿಮರ್ಶಕ ರೋಜರ್ ಈಬರ್ಟ್ ತಮ್ಮ ಶ್ರೇಷ್ಠ ಚಿತ್ರಗಳ ಸಾಲಿನಲ್ಲಿ ಇದನ್ನು ಸೇರಿಸಿದರು. ಇದಕ್ಕೆ ಪ್ರೇರಣೆಯಾದ ಹಳೆಯ ಚಿತ್ರವನ್ನೂ ವಿಮರ್ಶಕರು ಗುರುತಿಸಿದರು: ಡಗ್ಲಸ್ ಸರ್ಕ್ ಹಾಲಿವುಡ್ಡಿನಲ್ಲಿ 1955ರಲ್ಲಿ ನಿರ್ದೇಶಿಸಿದ ‘ಆಲ್ ದಟ್ ಹೆವನ್ ಅಲೋಸ್’. ಅಲ್ಲಿ ಸಿರಿವಂತ ವಿಧವೆಯೊಬ್ಬಳು ತೋಟಗಾರನನ್ನು ಪ್ರೀತಿಸುತ್ತಾಳೆ; ಮಕ್ಕಳು ಅವಳ ಏಕಾಂತಕ್ಕೆ ಮದ್ದೆಂದು ಟೆಲಿವಿಷನ್ ತಂದುಕೊಡುತ್ತಾರೆ. ಅಲ್ಲಿ ಕಾಣಿಕೆಯಾದ ಪೆಟ್ಟಿಗೆ ಇಲ್ಲಿ ಕಾಲೊದೆತಕ್ಕೆ ಗುರಿಯಾಯಿತು.

ಆದರೆ ಚಿತ್ರದ ತಿರುಳಿರುವುದು ಉತ್ತರಾರ್ಧದಲ್ಲಿ ಎಂಬುದು ನಮ್ಮ ಅಭಿಪ್ರಾಯ. ದಂಪತಿಗಳು ಕೆಲದಿನ ಊರು ಬಿಟ್ಟು ಹಿಂದಿರುಗಿದಾಗ ಎಲ್ಲರೂ ಸೌಜನ್ಯಮೂರ್ತಿಗಳಾಗಿರುತ್ತಾರೆ. ಅಂಗಡಿಯವನಿಗೆ ಗಿರಾಕಿ ಕೈತಪ್ಪುವ ಆತಂಕ. ನೆರೆಯವಳಿಗೆ ಸಾಮಾನಿಡಲು ಎಮ್ಮಿಯ ನೆಲಮಾಳಿಗೆಯ ಜಾಗ ಬೇಕು. ಒದ್ದ ಮಗನಿಗೆ ತನ್ನ ಕೂಸನ್ನು ನೋಡಿಕೊಳ್ಳಲು ತಾಯಿ ಬೇಕು. ಒಡೆದ ಪೆಟ್ಟಿಗೆಗೆ ಹಣವನ್ನೂ ಕಳಿಸುತ್ತಾನೆ. ದ್ವೇಷವನ್ನು ಕರಗಿಸಿದ್ದು ವಿವೇಕವಲ್ಲ, ಅವರವರ ಕಾರ್ಯಸಾಧನೆ.

ಹೊರಗಿನ ಬಿರುಗಾಳಿ ತಗ್ಗಿದಾಗ ಮನೆಯೊಳಗೆ ಬಿರುಕು ಕಾಣತೊಡಗುತ್ತದೆ. ಅಲಿ ತನ್ನ ನಾಡಿನ ಕುಸ್‌ಕುಸ್ ಎಂಬ ಅಡುಗೆಯನ್ನು ಬಯಸಿದಾಗ ಎಮ್ಮಿ, ಇನ್ನು ಜರ್ಮನರ ರೀತಿಗೆ ಒಗ್ಗಿಕೊಳ್ಳಬೇಕೆನ್ನುತ್ತಾಳೆ. ಗೆಳತಿಯರು ಮನೆಗೆ ಬಂದರೆ, ಕೊಂಡು ತಂದ ಎತ್ತನ್ನು ತೋರಿಸುವಂತೆ ಗಂಡನ ತೋಳಿನ ಬಲವನ್ನು ಮುಟ್ಟಿಸಿ ತೋರಿಸುತ್ತಾಳೆ. ಅತ್ತ ಕೆಲಸದ ಸ್ಥಳಕ್ಕೆ ಯುಗೊಸ್ಲಾವಿಯದಿಂದ ಯೋಲಾಂಡಾ ಎಂಬ ಹೊಸಬಳು ಬಂದಿದ್ದಾಳೆ. ಅವಳಿಗೆ ಸಂಬಳ ಕಡಿಮೆ. ಅದೇ ಮೆಟ್ಟಿಲ ಮೇಲೆ ಈಗ ಅವಳನ್ನು ಒಂಟಿಯಾಗಿ ಕೂರಿಸಿ ಉಳಿದವರೆಲ್ಲ ಪಿಸುಗುಡುತ್ತಾರೆ. ಅವರ ನಡುವೆ ಎಮ್ಮಿಯೂ ಇದ್ದಾಳೆ! ಅಲಿಯೂ ನಿರ್ದೋಷಿಯಲ್ಲ. ಹೆಂಡತಿ ಕೆಲಸದ ಕಡೆಗೆ ಹುಡುಕಿಕೊಂಡು ಬಂದಾಗ, ಇವಳು ಮೊರಾಕ್ಕೊದಿಂದ ಬಂದ ನಿನ್ನಜ್ಜಿಯೇ ಎಂದು ಜೊತೆಗಾರರು ಅಣಕಿಸುತ್ತಾರೆ. ಅವನೂ ಅವರೊಡನೆ ನಗುತ್ತಾನೆ.

ನೊಂದವರೆಲ್ಲರೂ ಸಹಜವಾಗಿಯೇ ಕರುಣಾಳುಗಳಾಗುವರೆಂದು ನಾವು ಎಣಿಸುತ್ತೇವೆ. ಅತ್ತೆಯಿಂದ ನೊಂದ ಸೊಸೆ ಮುಂದೆ ತಾನೇ ಅತ್ತೆಯಾದಾಗ ನಡೆಯುವುದನ್ನು ಕಂಡ ಗೃಹಸ್ಥರಿಗೆ ಈ ಎಣಿಕೆಯ ಪೊಳ್ಳುತನವನ್ನು ವಿವರಿಸಬೇಕಾಗಿಲ್ಲ. ಮತ್ತೆ ಹೊರಗಿನವಳಾಗುವೆನೆಂಬ ಭಯವೇ ಎಮ್ಮಿಯನ್ನು ಪೀಡಕರ ಪಂಕ್ತಿಯಲ್ಲಿ ಕೂರಿಸಿತು. ಆತ್ಮವನ್ನು ತಿನ್ನುವ ಭಯವೆಂದರೆ ಇದು. ಅದು ಪೀಡಿತನನ್ನು ಕುಗ್ಗಿಸುವುದಲ್ಲದೆ ಅವನನ್ನು ಪೀಡಕನನ್ನಾಗಿಯೂ ಮಾಡುತ್ತದೆ.

ಮುಂದಿನ ತಲೆಮಾರಿನ ವಿದ್ವಾಂಸರು ಚಿತ್ರಕ್ಕೇ ಒಂದು ಕಠಿಣ ಪ್ರಶ್ನೆ ಹಾಕಿದರು. ಅಲಿಗೆ ಮಾತು ಕಡಿಮೆ. ಕ್ಯಾಮೆರಾ ಅವನ ದೇಹವನ್ನು ನೋಡುವಷ್ಟು ಅವನ ಅಂತರಂಗವನ್ನು ನೋಡಿದೆಯೇ? ಗೆಳತಿಯರಿಗೆ ತೋಳು ತೋರಿಸಿದ ಎಮ್ಮಿಯ ತಪ್ಪನ್ನೇ ನಿರ್ದೇಶಕನೂ ಮಾಡಿದನೇ? ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಪರರ ಕಣ್ಣು ತನ್ನ ಮೇಲೆ ಬಿದ್ದಾಗ ಮನುಷ್ಯನು ವಸ್ತುವಾಗುವ ಸಂಕಟವನ್ನು ಚಿತ್ರವು ಬಲ್ಲದು. ಆದರೆ ಆ ಸಂಕಟವನ್ನು ಅಲಿಯ ಬಾಯಿಂದ ನಾವು ಕೇಳುವುದು ಅಲ್ಪವೇ.

ಇನ್ನೊಂದು ಸಂಗತಿ. ಇದೇ ಕಥೆಯ ಬೀಜ ಫಾಸ್‌ಬಿಂಡರನ 1970ರ ‘ದಿ ಅಮೆರಿಕನ್ ಸೋಲ್ಜರ್’ ಚಿತ್ರದಲ್ಲಿ ಪಾತ್ರವೊಂದು ಹೇಳುವ ವೃತ್ತಾಂತವಾಗಿ ಬಂದಿತ್ತು. ಅಲ್ಲಿ ಎಮ್ಮಿಯ ಕೊಲೆಯಾಗುತ್ತದೆ. ನಾಲ್ಕು ವರ್ಷಗಳ ಬಳಿಕ ಅದೇ ನಿರ್ದೇಶಕನು ಅಂತ್ಯವನ್ನು ಬದಲಿಸಿದನು. ಮುನಿಸು ಮುಗಿಸಿ ಇಬ್ಬರೂ ಹಳೆಯ ಪಾನಗೃಹದಲ್ಲಿ ಮತ್ತೆ ಕುಣಿಯುವಾಗ ಅಲಿ ಕುಸಿದು ಬೀಳುತ್ತಾನೆ. ಹೊಟ್ಟೆಯ ಹುಣ್ಣು ಒಡೆದಿದೆ. ಪರದೇಶದ ಕೆಲಸಗಾರರಲ್ಲಿ ಮನದ ಒತ್ತಡದಿಂದ ಇದು ಹೆಚ್ಚು, ಗುಣವಾದರೂ ಆರು ತಿಂಗಳಲ್ಲಿ ಮರುಕಳಿಸುತ್ತದೆ ಎನ್ನುತ್ತಾನೆ ವೈದ್ಯ. ಹಾಗಾಗಲು ತಾನು ಬಿಡುವುದಿಲ್ಲವೆಂದು ಎಮ್ಮಿ ಉತ್ತರಿಸುತ್ತಾಳೆ.

ಅವಳು ಗೆಲ್ಲುವಳೆಂದು ಚಿತ್ರ ಹೇಳುವುದಿಲ್ಲ. ಆಸ್ಪತ್ರೆಯ ಮಂಚದ ಬಳಿ ಅವಳು ಗಂಡನ ಕೈ ಹಿಡಿದು ಕುಳಿತಿರುವುದನ್ನು ಮಾತ್ರ ತೋರಿಸುತ್ತದೆ. ತನ್ನಿಂದಲೂ ನೊಂದವನ ಕೈ ಅದೆಂದು ಅವಳಿಗೀಗ ತಿಳಿದಿದೆ.