ಸೋದರಮಾವನ ನಾಡಿನಲ್ಲಿ ಕಂಸ

ಕಂಸನು ತಂಗಿಯ ಮಕ್ಕಳನ್ನು ಕೊಂದ ಕಥೆಯನ್ನು ನಾವೆಲ್ಲರೂ ಬಾಲ್ಯದಲ್ಲಿಯೇ ಕೇಳಿದ್ದೇವೆ. ಧಾರವಾಡ, ದಾವಣಗೆರೆಗಳ ಕಡೆಯ ನಮ್ಮ ಮನೆಗಳಲ್ಲಿ ಅವನೊಬ್ಬ ದುಷ್ಟ ಅರಸ, ಅಷ್ಟೆ. ಇದೇ ಕಥೆಯು ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕೊಯ್ಲಾದ ಗದ್ದೆಯಲ್ಲಿ ಯಕ್ಷಗಾನವಾದಾಗ ಅದಕ್ಕೆ ಬೇರೊಂದು ಮೊನೆ ಬರುತ್ತದೆ. ಅಲ್ಲಿನ ಬಂಟ, ಮೊಗವೀರ, ಬಿಲ್ಲವ ಮುಂತಾದ ಮನೆತನಗಳಲ್ಲಿ ತಲೆತಲಾಂತರದಿಂದ ಆಸ್ತಿಯು ಇಳಿದು ಬಂದುದು ತಂದೆಯಿಂದ ಮಗನಿಗಲ್ಲ. ಸೋದರಮಾವನಿಂದ ಸಹೋದರಿಯ ಸಂತಾನಕ್ಕೆ. ಅಂತಹ ನೆಲದಲ್ಲಿ ಅಳಿಯನನ್ನು ಕೊಲ್ಲಹೊರಟ ಮಾವನು ಬರಿಯ ಪಾಪಿಯಲ್ಲ, ತನ್ನ ಕುಲದ ಬೇರನ್ನೇ ಕಡಿಯುವವನು.

ಅಳಿಯಸಂತಾನವೆಂಬ ಈ ಕಟ್ಟಳೆಗೆ ಬ್ರಹ್ಮಾವರದ ಸಮೀಪದ ಬಾರ್ಕೂರಿನ ಐತಿಹ್ಯವೊಂದುಂಟು. ದೇವಪಾಂಡ್ಯನೆಂಬವನು ಹಡಗುಗಳನ್ನು ಕಟ್ಟಿಸಿ ಕಡಲಿಗಿಳಿಸಲು ಹೊರಟಾಗ ಕುಂಡೋದರನೆಂಬ ಭೂತವು ಅವನ ಮಗನನ್ನು ಬಲಿ ಬೇಡಿತಂತೆ. ಹೆಂಡತಿ ಒಪ್ಪಲಿಲ್ಲ. ತಂಗಿಯು ತನ್ನ ಮಗನನ್ನು ಒಪ್ಪಿಸಿದಳು. ಭೂತವು ಆ ಬಾಲಕನನ್ನು ಕೊಲ್ಲದೆ ಹರಸಿತು. ಅವನೇ ಭೂತಾಳಪಾಂಡ್ಯನೆನಿಸಿ ಬಾರ್ಕೂರನ್ನು ಆಳಿದನೆಂದು ಕಥೆ. ಇದು ಚರಿತ್ರೆಯಲ್ಲ, ನಂಬಿಕೆ. ಆದರೆ ಕಟ್ಟಳೆಯೊಂದು ತನಗೆ ಬೇಕಾದ ಪುರಾಣವನ್ನು ತಾನೇ ಹೆತ್ತುಕೊಳ್ಳುವ ಬಗೆ ಇಲ್ಲಿ ನಿಚ್ಚಳವಾಗಿ ಕಾಣುತ್ತದೆ. ಮಗನನ್ನು ಕೊಡಲೊಪ್ಪದ ಆ ತಾಯಿಯನ್ನು ಐತಿಹ್ಯವು ತಪ್ಪಿತಸ್ಥಳಂತೆ ನಿಲ್ಲಿಸಿದೆ. ನಮಗೇನೋ ಅವಳೇ ಸರಿಯೆನಿಸುತ್ತಾಳೆ!

ಅಂಬಿಗರ ಚೌಡಯ್ಯನ ಕಾಯಕವನ್ನರಿಯದೆ ಅವನ ವಚನಗಳನ್ನು ಓದಿದರೆ ಅರ್ಧವಷ್ಟೇ ದಕ್ಕೀತು. ಪುರಾಣಗಳ ಮಾತೂ ಹಾಗೆಯೇ. ಕೇಳುವವರ ಮನೆಯನ್ನರಿಯದೆ ಕಥೆ ತಿಳಿಯದು. ಯಕ್ಷಗಾನದಲ್ಲಿ ಇದು ಕಣ್ಣಿಗೆ ಕಟ್ಟುವಂತಿದೆ. ಭಾಗವತರು ಹಾಡುವ ಪದ್ಯ ಪ್ರಸಂಗದಲ್ಲಿ ಬರೆದದ್ದು. ವೇಷಧಾರಿಯ ಅರ್ಥ ಆ ಕ್ಷಣದಲ್ಲಿ ಹುಟ್ಟಿದ್ದು. ಮಂದಾರ್ತಿ ಮೇಳದ ಹರಕೆಯಾಟವನ್ನು ಆಡಿಸುವವರು ಸಾಮಾನ್ಯ ಗೃಹಸ್ಥರು. ರೋಗ ವಾಸಿಯಾಗಲೆಂದೋ ಸಂತಾನವಾಗಲೆಂದೋ ಹರಕೆ ಹೊತ್ತವರು. ಅವರೆದುರು ದೇವಕಿಯು ಅಣ್ಣನ ಕಾಲು ಹಿಡಿದು ಬೇಡುವಾಗ ಆಕೆ ಮಥುರೆಯವಳಾಗಿ ಉಳಿಯುವುದುಂಟೆ? ಕೋಟದಲ್ಲಿ 1902ರಲ್ಲಿ ಜನಿಸಿದ ಶಿವರಾಮ ಕಾರಂತರು ಈ ಬಯಲಿನ ಕಲೆಯನ್ನು ಕುರಿತೇ 'ಯಕ್ಷಗಾನ ಬಯಲಾಟ' ಬರೆದರು. ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂದಿತು.

ಕಾಲ ನಿಂತಿಲ್ಲ. 1949ರ ಮದರಾಸು ಅಳಿಯಸಂತಾನ ಕಾಯಿದೆ ಕುಟುಂಬದ ಆಸ್ತಿಯ ಪಾಲಿಗೆ ದಾರಿ ತೆರೆಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಹಳೆಯ ಕಟ್ಟನ್ನು ಇನ್ನಷ್ಟು ಸಡಿಲಿಸಿತು. ದೊಡ್ಡ ಮನೆಗಳು ಹಿಸೆಯಾದವು, ಮಕ್ಕಳು ಮುಂಬಯಿ, ಬೆಂಗಳೂರುಗಳನ್ನು ಸೇರಿದರು. ಈ ಬದಲಾವಣೆಯನ್ನು ನಾವು ಹಳಿಯುವುದಿಲ್ಲ. ತಂದೆಯ ಗಳಿಕೆಯಲ್ಲಿ ಮಕ್ಕಳಿಗೆ ಪಾಲು ಬಂದುದು ನ್ಯಾಯವೇ. ಆದರೆ ಹರಕೆಯಾಟಕ್ಕೆ ಊರಿಗೆ ಬಂದ ಮೊಮ್ಮಗಳಿಗೆ ಇಂದು ಕಂಸನು ದಾವಣಗೆರೆಯ ಮಗುವಿಗೆ ಕಂಡಂತೆಯೇ ಕಾಣುತ್ತಾನೆ. ಪಕ್ಕದಲ್ಲಿ ಕುಳಿತ ಅಜ್ಜಿಯೊಬ್ಬಳು, ಚೆಂಡೆಯ ಸದ್ದು ಇಳಿದ ಹೊತ್ತಿನಲ್ಲಿ, ತಮ್ಮ ಮನೆಯಲ್ಲಿ ಮಾವನೆಂದರೆ ಯಾರಾಗಿದ್ದನೆಂಬುದನ್ನು ಅವಳ ಕಿವಿಯಲ್ಲಿ ಹೇಳಿಯಾಳೆ?