ಬಿಡಿಭಾಗಗಳ ಬರ

ಆದವಾನಿಯಲ್ಲಿ ಒಳ್ಳೆಯ ರಿಪೇರಿಗಾರರಿಲ್ಲವೆಂಬ ದೂರು ಅನ್ಯಾಯದ್ದು. ಕೈಗಳಿವೆ, ಆ ಕೈಗಳಿಗೆ ಬಿಡಿಭಾಗ ದೊರೆಯುವುದಿಲ್ಲ. ಹಿಂದಿನ ವಾಲ್ವ್ ರೇಡಿಯೋದಲ್ಲಿ ವಾಲ್ವಿನ ಮೇಲೆಯೇ ಅದರ ಸಂಖ್ಯೆ ಅಚ್ಚಾಗಿರುತ್ತಿತ್ತು. ಅದೇ ಸಂಖ್ಯೆಯದನ್ನು ಯಾವ ಕಂಪೆನಿ ತಯಾರಿಸಿದ್ದರೂ ಕೂಡಿಸಬಹುದಾಗಿತ್ತು. ಇಂದಿನ ಮೊಬೈಲಿನಲ್ಲಾದರೋ ಬ್ಯಾಟರಿಗೆ ಅಂಟು, ಮಾದರಿಗೊಂದು ಅಳತೆಯ ಗುಂಡಿ. ಕೆಲವು ಫೋನುಗಳಂತೂ ಪರದೆಯನ್ನು ಬದಲಿಸಿದೊಡನೆ ಅದು ಅಸಲಿಯಲ್ಲವೆಂದು ತಾವೇ ಚಾಡಿ ಹೇಳುತ್ತವೆ!

1953ರ ಅಕ್ಟೋಬರ್ 1ರಂದು ಆದವಾನಿ, ಆಲೂರುಗಳು ಬಳ್ಳಾರಿ ಜಿಲ್ಲೆಯನ್ನು ಬಿಟ್ಟು ಆಂಧ್ರಕ್ಕೆ ಸೇರಿದವು. ಆದರೂ ಇಲ್ಲಿ ಸಿಗದ ಬಿಡಿಭಾಗಕ್ಕೆ ಬಳ್ಳಾರಿಯ ಬಸ್ಸೇ ಗತಿ. ಅಲ್ಲಿಯೂ ಇಲ್ಲವಾದರೆ ಬೆಂಗಳೂರಿನ ಎಸ್.ಪಿ. ರಸ್ತೆ. ಗುಂಡಿಯೊಂದರ ಬೆಲೆಯನ್ನು ಪ್ರಯಾಣದ ವೆಚ್ಚವೇ ನುಂಗುತ್ತದೆ. "ಹೊಸದನ್ನೇ ಕೊಳ್ಳಿರಿ" ಎನ್ನುವ ವರ್ತಕರು, ಇರುವ ಒಂದೇ ಫೋನಿನಲ್ಲಿ ಮಕ್ಕಳು ಪಾಠ ನೋಡುವ ಹತ್ತಿ ಬಿಡಿಸುವ ಕೂಲಿಯವರ ಮನೆಗೆ ಬಂದು ಆ ಮಾತನ್ನು ಆಡಲಿ.

ಕೇಂದ್ರ ಸರ್ಕಾರವು 2022ರಲ್ಲಿ ದುರಸ್ತಿಯ ಹಕ್ಕಿಗೆಂದು ಜಾಲತಾಣವೊಂದನ್ನು ತೆರೆಯಿತು. ಮಾಹಿತಿಯಿಂದ ಫೋನು ಸರಿಹೋದೀತೆ? ಯೂರೋಪಿನ ಒಕ್ಕೂಟವು 2024ರ ನಿರ್ದೇಶನದಲ್ಲಿ, ಫೋನೂ ಸೇರಿದಂತೆ ಕೆಲವು ವಸ್ತುಗಳ ಬಿಡಿಭಾಗಗಳನ್ನು ತಯಾರಕರು ನ್ಯಾಯವಾದ ಬೆಲೆಗೆ ಒದಗಿಸಬೇಕೆಂದು ವಿಧಿಸಿತು. ನಮಗೂ ಅಂಥ ಶಾಸನ ಬೇಕು: ಆ ಮಾದರಿಯ ಮಾರಾಟ ನಿಂತ ಮೇಲೂ ಹಲವು ವರ್ಷ, ಯಾವ ಊರಿನ ರಿಪೇರಿಗಾರನು ಕೇಳಿದರೂ, ಬಿಡಿಭಾಗವನ್ನು ಬಿಡಿಯಾಗಿಯೇ ಕೊಡತಕ್ಕದ್ದು. ಈ ಮನವಿಗೆ ವಿಜ್ಞಾನದ ಅಧ್ಯಾಪಕರು ಮೊದಲು ಸಹಿ ಹಾಕಲಿ.