ಸೆರಗಿನ ಪ್ರಶ್ನೆಗೆ ಅರ್ಜಿಯಲ್ಲಿ ಜಾಗವಿಲ್ಲ

1929ರಲ್ಲಿ ಅಖಿಲ ಭಾರತ ಚರಕ ಸಂಘ ಒಂದು ಸ್ಪರ್ಧೆ ಪ್ರಕಟಿಸಿತು. ಹಳ್ಳಿಯ ಮನೆಗೆ ಒಗ್ಗುವ ಸುಧಾರಿತ ಚರಕ ಮಾಡಿಕೊಟ್ಟವರಿಗೆ ಒಂದು ಲಕ್ಷ ರೂಪಾಯಿ ಬಹುಮಾನ. ಆ ಕಾಲದ ಒಂದು ಲಕ್ಷ! ನಮ್ಮ ಕಾಲದ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್‌ನಲ್ಲಿ ಒಂದು ಸಮಸ್ಯೆಗೆ ಉತ್ತರ ಕಂಡುಕೊಂಡ ತಂಡಕ್ಕೆ ಹಲವು ವರ್ಷ ಸಿಕ್ಕಿದ್ದೂ ಒಂದು ಲಕ್ಷವೇ. ತೊಂಬತ್ತು ವರ್ಷದಲ್ಲಿ ಚಿನ್ನದ ಬೆಲೆ ಎಲ್ಲಿಂದ ಎಲ್ಲಿಗೋ ಹೋಯಿತು, ಬಹುಮಾನದ ಅಂಕಿ ಮಾತ್ರ ನಿಂತಲ್ಲೇ ನಿಂತಿದೆ.

ನಾನು ಹೇಳಹೊರಟಿದ್ದು ಹಣದ ಮಾತಲ್ಲ, ಷರತ್ತುಗಳ ಮಾತು. ಆ ಚರಕ ಹಗುರವಾಗಿರಬೇಕು, ಹೊತ್ತೊಯ್ಯುವಂತಿರಬೇಕು, ಕೈಯಿಂದಲೋ ಕಾಲಿನಿಂದಲೋ ನಡೆಯಬೇಕು. ಒಬ್ಬ ಹೆಣ್ಣುಮಗಳು ಹೆಚ್ಚು ದಣಿಯದೆ ಎಂಟು ಗಂಟೆ ಅದರ ಮುಂದೆ ಕೂತು ಕೆಲಸ ಮಾಡುವಂತಿರಬೇಕು. ಆ ಎಂಟು ಗಂಟೆಯಲ್ಲಿ 12ರಿಂದ 20ನೇ ನಂಬರಿನ ನೂಲು 16,000 ಗಜ ಬರಬೇಕು, ಅಂದರೆ ಹದಿನಾಲ್ಕೂವರೆ ಕಿಲೋಮೀಟರ್ ದಾರ. ಬೆಲೆ 150 ರೂಪಾಯಿ ಮೀರಬಾರದು. ಇಪ್ಪತ್ತು ವರ್ಷ ಬಾಳಿಕೆ ಬರಬೇಕು. ವರ್ಷದ ರಿಪೇರಿ ಖರ್ಚು ಬೆಲೆಯ ನೂರಕ್ಕೆ ಐದರಷ್ಟು, ಅಂದರೆ ಏಳೂವರೆ ರೂಪಾಯಿ ದಾಟಬಾರದು.

ಇದನ್ನು ಮೊದಲ ಸಲ ಓದಿದಾಗ ನನಗೆ ಅನ್ನಿಸಿದ್ದು ಇಷ್ಟೇ: ಇದನ್ನು ಬರೆದವರಿಗೆ ಯಂತ್ರ ಯಾರ ಮನೆಯಲ್ಲಿ ಇರುತ್ತದೆ ಎಂದು ಗೊತ್ತಿತ್ತು. ತಗಡೂರಿನವಳಾದ ನನಗೆ ಅದು ತಟ್ಟಲು ಬೇರೆ ಕಾರಣವೂ ಇದೆ. ನಮ್ಮದು ತಗಡೂರು ರಾಮಚಂದ್ರರಾಯರು ಖಾದಿ ಕೆಲಸ ಕಟ್ಟಿದ ಊರು. 1934ರಲ್ಲಿ ಗಾಂಧೀಜಿ ಇಲ್ಲಿಗೂ ಬಂದರು, ನಮ್ಮ ತಾಲ್ಲೂಕಿನದೇ ಆದ ಬದನವಾಳಿಗೂ ಹೋದರು. ಆ ಷರತ್ತುಪಟ್ಟಿಯಲ್ಲಿರುವ ‘ಹೆಣ್ಣುಮಗಳು’ ನಮ್ಮ ಕಡೆಯ ಯಾರದೋ ಅಜ್ಜಿ ಎಂದುಕೊಂಡರೆ ತಪ್ಪಾಗಲಾರದು.

ಈಗ ಇವತ್ತಿನ ಅರ್ಜಿ ನೋಡಿ. ನಾವು ನಾಲ್ವರು ಗೆಳತಿಯರು ಬಾಳೆ ದಿಂಡಿನಿಂದ ನಾರು ತೆಗೆಯುವ ಯಂತ್ರ ಮಾಡುತ್ತಿದ್ದೇವೆ. ಗೊನೆ ಕಡಿದ ಮೇಲೆ ದಿಂಡು ತೋಟದಲ್ಲೇ ಕೊಳೆಯುವುದನ್ನು ನಂಜನಗೂಡಿನ ಸುತ್ತಮುತ್ತ ಯಾರು ಬೇಕಾದರೂ ನೋಡಬಹುದು. ನಾರು ತೆಗೆಯುವ ಯಂತ್ರಗಳು ಮಾರುಕಟ್ಟೆಯಲ್ಲಿ ಇಲ್ಲವೆಂದಲ್ಲ, ಆದರೆ ಅವು ಭಾರ. ಅವನ್ನು ಒಂದು ಕಡೆ ನಿಲ್ಲಿಸಿ ನೀರು ತುಂಬಿದ ದಿಂಡನ್ನು ಅಲ್ಲಿಗೆ ಹೊರಬೇಕು. ಯಂತ್ರವೇ ತೋಟಕ್ಕೆ ಬಂದರೆ ಹೇಗೆ ಎಂಬುದು ನಮ್ಮ ಆಲೋಚನೆ. ಹೊಸ ವಿಜ್ಞಾನವೇನೂ ಇಲ್ಲ: ತಿರುಗುವ ಡ್ರಮ್ಮು, ಅದರ ಮೇಲೆ ಮೊಂಡು ಅಲಗುಗಳು, ಬಾಳೆಪಟ್ಟೆ ಒಳಗೆ ಕೊಟ್ಟರೆ ತಿರುಳು ಉದುರಿ ನಾರು ಉಳಿಯುತ್ತದೆ. ಅಲಗಿಗೂ ತಟ್ಟೆಗೂ ನಡುವಿನ ಸಂದು ಒಂದೆರಡು ಮಿಲಿಮೀಟರ್ ಆಚೀಚೆಯಾದರೆ ಒಂದೋ ನಾರು ತುಂಡಾಗುತ್ತದೆ, ಇಲ್ಲವೇ ತಿರುಳು ಅಂಟಿಕೊಂಡೇ ಬರುತ್ತದೆ. ನಮ್ಮ ಒಂದು ಸೆಮಿಸ್ಟರ್ ಆ ಸಂದಿನಲ್ಲೇ ಕಳೆಯಿತು.

ಇದನ್ನು ಹಿಡಿದುಕೊಂಡು ಒಂದು ನಾವೀನ್ಯತಾ ಸ್ಪರ್ಧೆಗೆ ಹೋದೆವು. ಅರ್ಜಿಯಲ್ಲಿ ಕೇಳಿದ್ದು: ಮಾರುಕಟ್ಟೆ ಎಷ್ಟು ಕೋಟಿಯದು, ಪ್ರತಿಸ್ಪರ್ಧಿಗಳು ಯಾರು, ಐದು ವರ್ಷದಲ್ಲಿ ಆದಾಯ ಎಷ್ಟು, ತಂಡದ ಹಿರಿಮೆ ಏನು. ಹತ್ತು ಸ್ಲೈಡು, ಐದು ನಿಮಿಷ. ತೀರ್ಪುಗಾರರೊಬ್ಬರು ಕೇಳಿದ ಮೊದಲ ಪ್ರಶ್ನೆ, ‘ಇದರಲ್ಲಿ ಎಐ ಎಲ್ಲಿದೆ?’ ಅದಕ್ಕೆ ಕೆಲವು ವಾರ ಮೊದಲು ಯಂತ್ರವನ್ನು ತೋಟವೊಂದರಲ್ಲಿ ಓಡಿಸಿದ್ದೆವು. ಅಲ್ಲಿ ಕೆಲಸಕ್ಕೆ ಬಂದಿದ್ದ ಅಮ್ಮ ಒಬ್ಬರು ಸ್ವಲ್ಪ ಹೊತ್ತು ನೋಡಿ ಕೇಳಿದ್ದರು: ‘ಸೆರಗು ಸಿಕ್ಕಾಕಂಡ್ರೆ ಎಂಗವ್ವ ನಿಲ್ಸಾದು?’

ಆ ಪ್ರಶ್ನೆಗೆ ಅರ್ಜಿಯಲ್ಲಿ ಜಾಗವೇ ಇರಲಿಲ್ಲ. ತೂಕ ಎಷ್ಟು, ಯಾರು ನಡೆಸುತ್ತಾರೆ, ಕೆಟ್ಟರೆ ಯಾವ ಊರಿನಲ್ಲಿ ರಿಪೇರಿ, ಬೇರಿಂಗು ಎಷ್ಟು ದೂರದಲ್ಲಿ ಸಿಗುತ್ತದೆ ಎಂದು ಯಾರೂ ಕೇಳಲಿಲ್ಲ. 1929ರ ಪಟ್ಟಿ ಪೂರ್ತಿಯಾಗಿ ಬಳಸುವವರ ಬಗ್ಗೆ ಇತ್ತು. ಇವತ್ತಿನದು ಪೂರ್ತಿಯಾಗಿ ಅರ್ಜಿ ಹಾಕುವವರ ಬಗ್ಗೆ. ಇದರ ಪರಿಣಾಮ ನಮ್ಮ ಕಾಲೇಜುಗಳಲ್ಲೇ ಕಾಣುತ್ತದೆ. ವರ್ಷಕ್ಕೆ ನಾಲ್ಕಾರು ಸ್ಪರ್ಧೆಗೆ ಒಂದೇ ಮಾಡೆಲ್ ಹೊತ್ತು ತಿರುಗುವ ತಂಡಗಳಿವೆ. ಪ್ರತಿ ಸಲ ಸ್ಲೈಡು ಚೆಂದವಾಗುತ್ತದೆ, ಮಾಡೆಲ್ಲಿನ ಬೋಲ್ಟು ಸಡಿಲವಾಗುತ್ತದೆ. ಅವರನ್ನು ದೂರಿ ಫಲವಿಲ್ಲ. ಕೇಳಿದ್ದಕ್ಕೆ ತಾನೇ ಉತ್ತರ ಕೊಡುವುದು?

ಹಾಗೆಂದು ಆ ಹಳೆಯ ಸ್ಪರ್ಧೆಯನ್ನು ತಲೆಯ ಮೇಲೆ ಹೊತ್ತು ಮೆರೆಸುವ ಉದ್ದೇಶ ನನ್ನದಲ್ಲ. ಆ ಒಂದು ಲಕ್ಷ ಯಾರಿಗೂ ಸಿಗಲಿಲ್ಲ. ಗಂಭೀರವಾಗಿ ಪ್ರಯತ್ನಿಸಿದ್ದು ಕಿರ್ಲೋಸ್ಕರವಾಡಿಯ ಕಾರ್ಖಾನೆಯಲ್ಲಿ ತಯಾರಾದ, ಕಾಳೆ ಎಂಬುವರ ಚರಕ. ಪರೀಕ್ಷೆಯಲ್ಲಿ ಅದು ಷರತ್ತುಗಳನ್ನು ಮುಟ್ಟಲಿಲ್ಲ. ಇಲ್ಲೊಂದು ವಿಷಯ ಗಮನಿಸಬೇಕು. ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರುಮಾಡಿ, ಕಬ್ಬಿಣದ ನೇಗಿಲು ಮಾಡಿ, ಅಷ್ಟು ಹೊತ್ತಿಗೆ ಸ್ವಂತ ಎರಕದ ಮನೆ ಇಟ್ಟುಕೊಂಡಿದ್ದರು. ಬಹುಮಾನ ಬರುವುದು ಯಂತ್ರ ಮುಗಿದ ಮೇಲೆ. ಅಲ್ಲಿಯವರೆಗಿನ ಕಬ್ಬಿಣ, ಕೂಲಿ, ಕೆಟ್ಟುಹೋದ ಮೂರು ಮಾಡೆಲ್ಲುಗಳ ಖರ್ಚು ಯಾರ ಜೇಬಿನಿಂದ? ಕಾರ್ಖಾನೆ ಇದ್ದವರು ಸೋತರೂ ಎದ್ದು ನಿಲ್ಲುತ್ತಾರೆ. ಊರಿನ ಬಡಗಿ ಸೋತರೆ ಸಾಲ ಉಳಿಯುತ್ತದೆ.

ಇನ್ನೂ ಒಂದು. ತೀರ್ಪುಗಾರರ ಪಟ್ಟಿಯಲ್ಲಿ ರಾಜಾಜಿ ಇದ್ದರು, ಬಂಗಾಳದ ಸತೀಶಚಂದ್ರ ದಾಸ್‌ಗುಪ್ತ ಇದ್ದರು. ಎಂಟು ಗಂಟೆ ನೂಲಬೇಕಾದ ಹೆಣ್ಣುಮಗಳು ಷರತ್ತಿನಲ್ಲಿದ್ದಳೇ ಹೊರತು ತೀರ್ಪುಗಾರರ ಸಾಲಿನಲ್ಲಿ ಇರಲಿಲ್ಲ.

ಕೊನೆಗೆ ಹಳ್ಳಿಗಳಿಗೆ ಬಂದದ್ದು ಅಂಬರ ಚರಕ. ಅದನ್ನು ರೂಪಿಸಿದವರು ತಮಿಳುನಾಡಿನ ಏಕಾಂಬರನಾಥನ್, ಅದೂ ಸ್ವಾತಂತ್ರ್ಯ ಬಂದ ಮೇಲೆ. ಅವರ ಮೊದಲ ಚರಕ ಪರಿಪೂರ್ಣವಾಗಿರಲಿಲ್ಲ. ಖಾದಿ ಸಂಸ್ಥೆಗಳು ಅದನ್ನು ಕೈಗೆತ್ತಿಕೊಂಡು ವರ್ಷಗಟ್ಟಲೆ ತಿದ್ದಿ ತೀಡಿದವು. ಲಕ್ಷದ ಬಹುಮಾನದಿಂದ ಆಗದ್ದು ಹೀಗೆ ಬೆನ್ನಿಗೆ ನಿಂತದ್ದರಿಂದ ಆಯಿತು.

ನಮ್ಮ ರಾಜ್ಯದಲ್ಲಿ ಹಣದ ಬಾಗಿಲುಗಳು ಮುಚ್ಚಿವೆ ಎನ್ನಲಾಗದು. ಸರ್ಕಾರದ ‘ಎಲಿವೇಟ್’ 2017ರಿಂದ ನಡೆಯುತ್ತಿದೆ, ಆಯ್ಕೆಯಾದವರಿಗೆ 50 ಲಕ್ಷದವರೆಗೆ ಅನುದಾನ. ಆದರೆ ಅದು ಸ್ಟಾರ್ಟಪ್ ಎಂದು ನೋಂದಾಯಿಸಿಕೊಂಡ ಕಂಪನಿಗಳಿಗೆ. ಇಂಟರ್ನಲ್ಸ್ ಬರೆಯುವ ನಡುವೆ ಲಾತ್‌ನಲ್ಲಿ ಶಾಫ್ಟ್ ಉಜ್ಜುತ್ತಿರುವ ನಾಲ್ವರು ಹುಡುಗಿಯರಿಗಲ್ಲ. ನಮ್ಮಂಥವರಿಗೆ ಇರುವುದು ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿದ್ಯಾರ್ಥಿ ಪ್ರಾಜೆಕ್ಟ್ ಕಾರ್ಯಕ್ರಮ. ನಾಲ್ಕು ದಶಕಕ್ಕೂ ಹೆಚ್ಚು ಕಾಲದಿಂದ ನಡೆದುಬಂದಿದೆ. ಗೈಡ್ ಮತ್ತು ಪ್ರಿನ್ಸಿಪಾಲರ ಸಹಿಯೊಂದಿಗೆ ಕಾಲೇಜಿನ ಮೂಲಕ ಪ್ರಸ್ತಾವನೆ ಕಳಿಸಬೇಕು, ಒಪ್ಪಿಗೆಯಾದರೆ ಕೆಲವು ಸಾವಿರ ರೂಪಾಯಿ ಮಂಜೂರು. ಪತ್ರಿಕೆಯಲ್ಲಿ ಫೋಟೊ ಬರುವಷ್ಟು ದೊಡ್ಡ ಮೊತ್ತ ಅಲ್ಲ. ಆದರೆ ಅದು ಗೆದ್ದವರಿಗೆ ಕೊಡುವ ಹಣವಲ್ಲ, ಮಾಡಲು ಹೊರಟವರಿಗೆ ಕೊಡುವ ಹಣ. ಆ ವ್ಯತ್ಯಾಸ ದೊಡ್ಡದು. 50 ಲಕ್ಷವನ್ನು ಹತ್ತು ಸಾವಿರದಂತೆ ಹಂಚಿದರೆ 500 ಪ್ರಾಜೆಕ್ಟುಗಳಾಗುತ್ತವೆ. ಅದರಲ್ಲಿ 450 ಗುಜರಿಗೆ ಹೋಗಲಿ, ಉಳಿದ ಐವತ್ತು ಸಾಲದೇ? ಸರ್ಕಾರದ ಹಣ ಪೋಲಾಗುತ್ತದೆ ಎನ್ನುವವರು, ಸ್ಪರ್ಧೆಯಲ್ಲಿ ಗೆದ್ದು ಮರುವರ್ಷ ಕಣ್ಣಿಗೆ ಬೀಳದ ಮಾಡೆಲ್ಲುಗಳ ಲೆಕ್ಕವನ್ನೂ ಒಮ್ಮೆ ಕೇಳಬೇಕು.

ಸ್ಪರ್ಧೆ ನಡೆಸುವವರು ಮನಸ್ಸು ಮಾಡಿದರೆ ಇದನ್ನು ಸರಿಪಡಿಸಲು ಹೊಸ ಇಲಾಖೆ ಬೇಕಿಲ್ಲ. ಬಹುಮಾನದ ಮೂರನೇ ಒಂದು ಭಾಗವನ್ನು ಮೊದಲ ಸುತ್ತು ದಾಟಿದವರಿಗೆ ಸಾಮಾನು ಖರ್ಚಿಗೆಂದು ಹಂಚಲಿ, ರಸೀದಿ ಕೇಳಲಿ. ಕೊನೆಯ ಸುತ್ತು ಸಭಾಂಗಣದಲ್ಲಿ ಬೇಡ. ಕೃಷಿ ಯಂತ್ರವಾದರೆ ತೋಟದಲ್ಲಿ, ಅಡುಗೆಯದಾದರೆ ಅಡುಗೆಮನೆಯಲ್ಲಿ ನಡೆಯಲಿ. ತೀರ್ಪುಗಾರರಲ್ಲಿ ಒಬ್ಬರಾದರೂ ಆ ಕೆಲಸವನ್ನು ಕೂಲಿಗೆ ಮಾಡುವವರಿರಲಿ, ಅವರ ಆ ದಿನದ ಕೂಲಿಯನ್ನು ಸ್ಪರ್ಧೆಯೇ ಕೊಡಲಿ.

ಅರ್ಜಿ ಹಾಕುವ ನನ್ನ ವಯಸ್ಸಿನವರಿಗೂ ಒಂದು ಮಾತು. ಕೇಳದಿದ್ದರೂ ಬರೆಯಿರಿ. ನಾವು ಈ ಸಲ ಮಂಡಳಿಗೆ ಬರೆದ ಪ್ರಸ್ತಾವನೆಯಲ್ಲಿ ಒಂದು ಪುಟ ಜಾಸ್ತಿ ಸೇರಿಸಿದ್ದೇವೆ. ಯಂತ್ರದ ತೂಕ ಸದ್ಯಕ್ಕೆ 62 ಕೆ.ಜಿ., ಇಬ್ಬರು ಎತ್ತಬಹುದು, ಒಬ್ಬರಿಗೆ ಆಗದು. ಬೇರಿಂಗು ನಂಜನಗೂಡಿನಲ್ಲೇ ಸಿಗುತ್ತದೆ. ಡ್ರಮ್ಮಿಗೆ ಪೂರ್ತಿ ಮುಚ್ಚಳ ಬಂದಿದೆ. ಕಾಲು ತೆಗೆದೊಡನೆ ಮೋಟಾರಿನ ಕರೆಂಟು ಕಡಿಯುವ ಪೆಡಲ್ ಇದೆ. ಆದರೆ ಆಮೇಲೂ ಡ್ರಮ್ಮು ತನ್ನ ಓಟಕ್ಕೆ ನಾಲ್ಕು ಸೆಕೆಂಡು ತಿರುಗುತ್ತದೆ. ಅದಕ್ಕೊಂದು ಬ್ರೇಕು ಬೇಕು, ಕೇಳಿರುವ ಹಣ ಅದಕ್ಕೇ.